ಇಟ್ಟವನು ನಾನು, ಬಾಗಿಲು ತೆಗೆದವಳು ಅಮ್ಮ

ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂಕಾಲು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಅಡುಗೆಕೋಣೆಯಿಂದ ಅಮ್ಮ ಕರೆದಳು. ಕಿರುಚಲಿಲ್ಲ. "ಮಗಾ, ಇಲ್ಲ್ ಎಂತದೋ ಒಡ್ದ್ ಹೋಯಿತ್ತ್ ಕಾಣ್" ಅಂತ ಎಂದಿನ ದನಿಯಲ್ಲೇ ಹೇಳಿದಳು. ಎದ್ದು ಹೋಗಿ ನೋಡಿದರೆ ಸಿಂಕಿನ ನಲ್ಲಿಯ ಕೆಳಗೆ ಬಲಗೈ ಹಿಡಿದು ನಿಂತಿದ್ದಳು. ನೀರು ಕೆಂಪಗೆ ಹೋಗುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ ಕಾಯಿತುರಿಯ ಡಬ್ಬ, ಅದರ ಮುಚ್ಚಳದ ಮೇಲೆ ಎರಡು ಹನಿ ರಕ್ತ. ಹಿಂದೆ ಫ್ರೀಜರಿನ ಬಾಗಿಲು ತೆರೆದೇ ಇತ್ತು.

ನನಗೆ ಆ ಕ್ಷಣಕ್ಕೇ ಎಲ್ಲ ಗೊತ್ತಾಯಿತು. ಹಿಂದಿನ ರಾತ್ರಿ ಒಂಬತ್ತೂವರೆಗೆ ನಾನು ಅಲ್ಲಿ ಒಂದು ಬಿಯರ್ ಬಾಟಲಿ ಇಟ್ಟಿದ್ದೆ. ಹಳೇ ಪೇಪರ್ ಸುತ್ತಿ, ಬಟಾಣಿ ಪ್ಯಾಕೆಟ್ಟಿನ ಹಿಂದೆ, ಕಾಯಿತುರಿ ಡಬ್ಬಕ್ಕೆ ಒತ್ತಿ ಇಟ್ಟಿದ್ದೆ. ಹದಿನೈದು ನಿಮಿಷಕ್ಕೆ ಅಂತ ಇಟ್ಟದ್ದು. ಮರೆತು ಮಲಗಿದ್ದೆ. ರಾತ್ರಿ ಯಾವಾಗಲೋ ಬಾಟಲಿ ಬಿರಿದಿದೆ. ಸೋರಿದ ಬಿಯರ್ ಹೆಪ್ಪುಗಟ್ಟಿ ಬಾಟಲಿಯನ್ನೂ ಡಬ್ಬವನ್ನೂ ಒಂದಕ್ಕೊಂದು ಅಂಟಿಸಿದೆ. ಅಮ್ಮ ದೋಸೆಯ ಚಟ್ನಿಗೆ ಕಾಯಿತುರಿ ತೆಗೆಯಲು ಡಬ್ಬ ಎಳೆದಿದ್ದಾಳೆ. ಬರಲಿಲ್ಲ ಅಂತ ಇನ್ನೊಂದು ಕೈ ಹಿಂದೆ ಹಾಕಿ ಜೋರಾಗಿ ಎಳೆದಿದ್ದಾಳೆ. ಪೇಪರ್ ಹರಿದಿದೆ.

ಗಾಯ ಎರಡು ಬೆರಳಿನ ತುದಿಯಲ್ಲಿ ಆಗಿತ್ತು. ಒಂದು ಸಣ್ಣದು, ಇನ್ನೊಂದು ಆಳದ್ದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಗಾಯ ಬೇಗ ಮಾಯುವುದಿಲ್ಲ. ನನ್ನ ಹೆಂಡತಿ ಅರಿಶಿನ ಹಿಡಿದುಕೊಂಡು ಓಡಿ ಬಂದಳು. ಅರಿಶಿನ ಹಾಕಿದರೆ ಒಳಗೆ ಗಾಜಿನ ಚೂರು ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲ ಅಂತ ತಡೆದೆ. ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಒಗೆದ ಬಟ್ಟೆ ಒತ್ತಿ ಹಿಡಿದು ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ವಾಪಸ್ ಬರುವಾಗ ಅಮ್ಮ ಕೇಳಿದ್ದು ಒಂದೇ ಮಾತು. "ಇನ್ನ್ ದೋಸಿಗೆ ಚಟ್ನಿ ಎಂತ ಮಾಡೂದ್?"

ಬಾಟಲಿಯ ಬಗ್ಗೆ ಅವಳು ಕೇಳಲೇ ಇಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕದ್ದು ಇಡುವ ಬಾಟಲಿ

ನಾನು ಅಪರೂಪಕ್ಕೆ ಒಂದು ಬಿಯರ್ ಕುಡಿಯುವುದು ಅಮ್ಮನಿಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಾಳೆ. ನಾನೂ ಅವಳೆದುರು ಕುಡಿಯುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ? ಮೊಮ್ಮಗಳ ಪರೀಕ್ಷೆ ಹೊತ್ತಿಗೆ ಊರಿಂದ ಬಂದವಳು ಎರಡು ತಿಂಗಳು ಇರುವವಳಿದ್ದಳು. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಬಾಟಲಿ ಇಟ್ಟರೆ ಹಾಲು ತೆಗೆಯುವವರಿಗೆ, ಮೊಸರು ತೆಗೆಯುವವರಿಗೆ, ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಫ್ರೀಜರ್. ಅದಕ್ಕೇ ಪೇಪರ್. ಅದಕ್ಕೇ ಬಟಾಣಿ ಪ್ಯಾಕೆಟ್ಟಿನ ಹಿಂದೆ. ಬೇಗ ತಣ್ಣಗಾಗಲಿ ಅನ್ನುವುದು ಒಂದು ಕಾರಣ, ಅಷ್ಟೇ ದೊಡ್ಡ ಇನ್ನೊಂದು ಕಾರಣ ಇದು. ಯಾರಿಗೂ ಕಾಣಬಾರದು ಅಂತ ಇಟ್ಟದ್ದು ಕಣ್ಣಿಗೆ ಕಾಣಲಿಲ್ಲ, ಕೈಗೆ ಸಿಕ್ಕಿತು.

ಆ ಶನಿವಾರ ಅಂಗಡಿಯಲ್ಲಿ ತಣ್ಣಗಿನ ಬಾಟಲಿ ಮುಗಿದಿತ್ತು. ಬೇಸಿಗೆ, ಐಪಿಎಲ್, ವಾರದ ಕೊನೆ. "ಗರಂ ಹೈ, ಚಲೇಗಾ?" ಅಂತ ಅಂಗಡಿಯವನು ಕೇಳಿದ. ಚಲೇಗಾ ಅಂದೆ. ಮನೆಗೆ ಬಂದು ಬಾಟಲಿ ಇಟ್ಟು, ಮೊಬೈಲಿನಲ್ಲಿ ಅಲಾರಂ ಇಡೋಣ ಅಂದುಕೊಳ್ಳುವಷ್ಟರಲ್ಲಿ ಊರಿಂದ ತಂಗಿಯ ಫೋನ್ ಬಂತು. ಬಾವಿಯ ಪಂಪ್ ಕೆಟ್ಟಿದೆ, ಅಡಿಕೆ ಸಸಿ ಒಣಗುತ್ತಿದೆ, ಮೆಕ್ಯಾನಿಕ್ ಮೂರು ದಿನದಿಂದ ಬರುತ್ತೇನೆ ಅಂತ ಹೇಳಿ ಬಂದಿಲ್ಲ. ಅರ್ಧ ಗಂಟೆ ಮಾತಾಡಿ ಫೋನ್ ಇಡುವಾಗ ನನ್ನ ತಲೆಯಲ್ಲಿ ಪಂಪ್ ಇತ್ತು, ಬಿಯರ್ ಇರಲಿಲ್ಲ.

ಇದನ್ನು ನಾನು ಈ ತಿಂಗಳಿಡೀ ಯೋಚಿಸಿದ್ದೇನೆ. ಬೇಕು ಅನ್ನುವ ಆಸೆ ಇರುವಷ್ಟು ಹೊತ್ತು ಬಾಟಲಿ ನೆನಪಿರುತ್ತದೆ. ಆಸೆ ಹೋಯಿತೋ, ನೆನಪೂ ಅದರ ಜೊತೆಗೇ ಹೋಗುತ್ತದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿದರೆ ವಾಸನೆ ಬರುತ್ತದೆ, ಕುಕ್ಕರ್ ಆದರೆ ಕೂಗುತ್ತದೆ. ಫ್ರೀಜರಿನಲ್ಲಿಟ್ಟದ್ದು ಸದ್ದಿಲ್ಲದೆ, ಮುಚ್ಚಿದ ಬಾಗಿಲಿನ ಹಿಂದೆ, ಕತ್ತಲಲ್ಲಿ ಇರುತ್ತದೆ. ಒಡೆದಾಗ ಒಂದು ಸಣ್ಣ 'ಟಕ್' ಸದ್ದು ಬಂದಿರಬಹುದು. ಮಲಗಿದವನಿಗೆ ಅದು ಕೇಳುವುದಿಲ್ಲ.

ಹದಿನೈದು ನಿಮಿಷ ಅನ್ನುವ ಲೆಕ್ಕವೇ ತಪ್ಪು. ಮುಂಬೈಯ ಏಪ್ರಿಲ್ ಸೆಕೆಯಲ್ಲಿ ಬಿಸಿಯಾಗಿರುವ 650 ಎಂಎಲ್ ಬಾಟಲಿ ಹದಿನೈದು ನಿಮಿಷದಲ್ಲಿ ತಣ್ಣಗಾಗುವುದಿಲ್ಲ. ಹೊರಗಿನ ಗಾಜು ಮಾತ್ರ ತಣ್ಣಗಾಗಿರುತ್ತದೆ. ತೆಗೆದು ಮುಟ್ಟಿ ನೋಡುತ್ತೇವೆ, ಇನ್ನೂ ಆಗಿಲ್ಲ ಅಂತ ಮತ್ತೆ ಒಳಗೆ ತಳ್ಳುತ್ತೇವೆ. ಈ ಎರಡನೇ ಸಲ ಇಡುವುದು ಇದೆಯಲ್ಲ, ಮರೆವು ಬರುವುದು ಅಲ್ಲೇ. ಮೊದಲ ಸಲ ಕಾಯುವಷ್ಟು ಗಮನ ಎರಡನೇ ಸಲಕ್ಕೆ ಇರುವುದಿಲ್ಲ.

ಒಳಗೆ ಏನಾಗುತ್ತದೆ

ನೀರು ಐಸ್ ಆದಾಗ ಹಿಗ್ಗುತ್ತದೆ ಅಂತ ಶಾಲೆಯಲ್ಲೇ ಓದಿದ್ದೇವೆ. ಎಷ್ಟು ಅನ್ನುವುದನ್ನು ಸುಮ್ನೆ ಒಮ್ಮೆ ಲೆಕ್ಕ ಹಾಕಿ ನೋಡಿ. 100 ಎಂಎಲ್ ನೀರು ಐಸ್ ಆದರೆ ಅದಕ್ಕೆ ಸುಮಾರು 109 ಎಂಎಲ್ ಜಾಗ ಬೇಕು. ದೊಡ್ಡ ಬಿಯರ್ ಬಾಟಲಿಯ ಬಹುಪಾಲು ಗಟ್ಟಿಯಾದರೆ ಹೆಚ್ಚು ಕಡಿಮೆ 50 ಎಂಎಲ್ ಹೆಚ್ಚುವರಿ ಜಾಗ ಕೇಳುತ್ತದೆ. ಹತ್ತಿರ ಹತ್ತಿರ ಒಂದು ಕಟಿಂಗ್ ಚಹಾದಷ್ಟು, ಅಂದರೆ ಅರ್ಧ ಗ್ಲಾಸ್ ಚಹಾ. ಬಾಟಲಿಯ ಕುತ್ತಿಗೆಯಲ್ಲಿ ಬಿಟ್ಟಿರುವ ಖಾಲಿ ಜಾಗ ಅಷ್ಟಿಲ್ಲ. ಪ್ಲಾಸ್ಟಿಕ್ ಆದರೆ ಉಬ್ಬಿಕೊಳ್ಳುತ್ತದೆ. ಗಾಜಿಗೆ ಉಬ್ಬಲು ಬರುವುದಿಲ್ಲ.

ನೀರಿನ ಬಾಟಲಿಗೂ ಬಿಯರಿಗೂ ಇನ್ನೊಂದು ವ್ಯತ್ಯಾಸ ಇದೆ, ಅದು ಗ್ಯಾಸ್. ಬಿಯರಿನಲ್ಲಿ ಅದರ ಗಾತ್ರದ ಸುಮಾರು ಎರಡೂವರೆ ಪಟ್ಟು ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ತಣ್ಣಗಿನ ದ್ರವದಲ್ಲಿ ಗ್ಯಾಸ್ ಚೆನ್ನಾಗಿ ಕರಗುತ್ತದೆ. ಹಾಗಾಗಿ ಬಿಯರ್ ತಣ್ಣಗಾಗುತ್ತಾ ಹೋದ ಹಾಗೆ ಮೊದಮೊದಲು ಬಾಟಲಿಯೊಳಗಿನ ಒತ್ತಡ ಇಳಿಯುತ್ತದೆ. ಐಸ್ ಕಟ್ಟಲು ಶುರುವಾದ ಮೇಲೆ ಕತೆ ತಿರುಗುತ್ತದೆ. ಐಸ್ ತನ್ನೊಳಗೆ ಗ್ಯಾಸಿಗೆ ಜಾಗ ಕೊಡುವುದಿಲ್ಲ, ಆಲ್ಕೋಹಾಲಿಗೂ ಕೊಡುವುದಿಲ್ಲ. ಬರೀ ನೀರನ್ನಷ್ಟೇ ಹಿಡಿದುಕೊಳ್ಳುತ್ತದೆ. ಉಳಿದ ಗ್ಯಾಸೆಲ್ಲ ಇನ್ನೂ ಗಟ್ಟಿಯಾಗದ ಸ್ವಲ್ಪ ದ್ರವಕ್ಕೆ, ಮೇಲಿನ ಚೂರು ಜಾಗಕ್ಕೆ ಬಂದು ತುಂಬುತ್ತದೆ. ಆ ಜಾಗವೂ ಹೊತ್ತು ಹೋದ ಹಾಗೆ ಚಿಕ್ಕದಾಗುತ್ತಿರುತ್ತದೆ. ಒಂದು ಕಡೆ ಐಸ್ ತಳ್ಳುತ್ತದೆ, ಇನ್ನೊಂದು ಕಡೆ ಗ್ಯಾಸ್ ತಳ್ಳುತ್ತದೆ. ಬಾಟಲಿಯ ಮೈಯಲ್ಲಿ ಎಲ್ಲಿ ಬಲ ಕಮ್ಮಿಯೋ ಅಲ್ಲಿ ಬಿರಿಯುತ್ತದೆ.

ಬಲ ಕಮ್ಮಿ ಇರುವ ಜಾಗ ನಮ್ಮ ಬಾಟಲಿಗಳಲ್ಲಿ ಬೇಕಾದಷ್ಟಿದೆ. ಇಲ್ಲಿ ಬಿಯರ್ ಬಾಟಲಿ ಒಂದೇ ಸಲಕ್ಕೆ ಮುಗಿಯುವ ವಸ್ತು ಅಲ್ಲ. ಕುಡಿದ ಮೇಲೆ ಗುಜರಿಯ ಭಂಗಾರ್‌ವಾಲಾನ ಗೋಣಿಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಗೋಡೌನಿಗೆ, ಅಲ್ಲಿಂದ ಫ್ಯಾಕ್ಟರಿಗೆ. ತೊಳೆದು ಮತ್ತೆ ತುಂಬಿಸುತ್ತಾರೆ. ಮುಂದಿನ ಸಲ ಬಾಟಲಿ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ. ಹೊಟ್ಟೆಯ ಮೇಲ್ಭಾಗದಲ್ಲಿ, ತಳದ ಹತ್ತಿರ, ಸುತ್ತಲೂ ಬೆಳ್ಳಗೆ ತರಚಿದ ಉಂಗುರ ಇರುತ್ತದೆ. ಕ್ರೇಟಿನಲ್ಲಿ, ಸಾಲಿನಲ್ಲಿ ಒಂದಕ್ಕೊಂದು ಉಜ್ಜಿ ಉಜ್ಜಿ ಆದ ಗುರುತು ಅದು. ಬಾಟಲಿಗಳನ್ನು ಹೀಗೆ ಮತ್ತೆ ಬಳಸುವುದನ್ನು ನಾನು ಒಳ್ಳೆಯದೇ ಅನ್ನುತ್ತೇನೆ. ಆದರೆ ಗಾಜಿನ ಮೇಲಿನ ಪ್ರತಿ ಗೀರೂ ಬಿರುಕು ಶುರುವಾಗಲು ಸಿಕ್ಕಿದ ಒಂದು ಜಾಗ. ಅಂಥ ಬಾಟಲಿಯನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಪೆಟ್ಟಿಗೆಯಲ್ಲಿ ಇಡೀ ರಾತ್ರಿ ಬಿಟ್ಟರೆ ಏನಾಗಬೇಕೋ ಅದು ಆಗುತ್ತದೆ.

ಫ್ರೀಜರಿನಲ್ಲಿ ವೋಡ್ಕಾ ಇಡುತ್ತಾರಲ್ಲ, ಅದು ಒಡೆಯುವುದಿಲ್ಲವಲ್ಲ ಅಂತ ನನ್ನ ಆಫೀಸಿನ ಒಬ್ಬ ಹುಡುಗ ಕೇಳಿದ. ವೋಡ್ಕಾ, ವಿಸ್ಕಿಗಳಲ್ಲಿ ಆಲ್ಕೋಹಾಲು ಶೇಕಡಾ 42.8. ಅದು ಮನೆಯ ಫ್ರೀಜರಿನ ಚಳಿಗೆ ಗಟ್ಟಿಯಾಗುವುದಿಲ್ಲ. ಬಿಯರಿನಲ್ಲಿ ಶೇಕಡಾ 5ರ ಆಸುಪಾಸು, ಸ್ಟ್ರಾಂಗ್ ಆದರೆ 8ರವರೆಗೆ. ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ ಹೋದರೆ ಸಾಮಾನ್ಯ ಬಿಯರ್ ಗಟ್ಟಿಯಾಗಲು ಶುರು. ಸ್ಟ್ರಾಂಗಿಗೆ ಇನ್ನೊಂದೆರಡು ಡಿಗ್ರಿ ಜಾಸ್ತಿ ಚಳಿ ಬೇಕು, ಅಷ್ಟೇ. 18 ಡಿಗ್ರಿಯ ಎದುರು ಆ ಒಂದೆರಡು ಡಿಗ್ರಿ ಯಾವ ಲೆಕ್ಕ?

ಕ್ಯಾನ್ ಆದರೆ ಕೈ ಕುಯ್ಯುವ ಭಯ ಕಮ್ಮಿ. ಅದರ ತಳ ಒಳಕ್ಕೆ ಬಾಗಿರುತ್ತದೆ ನೋಡಿ, ಒತ್ತಡ ಹೆಚ್ಚಾದರೆ ಅದು ಹೊರಕ್ಕೆ ಉಬ್ಬುತ್ತದೆ. ಆಮೇಲೆ ಮೇಲಿನ ಮುಚ್ಚಳದ ಅಂಚು ಬಿಟ್ಟುಕೊಳ್ಳುತ್ತದೆ. ಫ್ರೀಜರ್ ತುಂಬ ಬಿಯರ್ ಚಿಮ್ಮಿ ಹೆಪ್ಪುಗಟ್ಟುತ್ತದೆ. ತಳ ಉಬ್ಬಿದ ಕ್ಯಾನನ್ನು ಕೈಯಲ್ಲಿ ಹಿಡಿದು ಆಗಲೇ ತೆಗೆಯಲು ಹೋಗಬೇಡಿ.

ಇನ್ನೊಂದು ಸ್ಥಿತಿ ಇದೆ, ಮೊಬೈಲ್ ವಿಡಿಯೋಗಳಲ್ಲಿ ನೀವೂ ನೋಡಿರುತ್ತೀರಿ. ಬಾಟಲಿ ತೆಗೆದಾಗ ಒಳಗೆ ಬಿಯರ್ ತಿಳಿಯಾಗಿಯೇ ಇರುತ್ತದೆ. ಮುಚ್ಚಳ ತೆಗೆದದ್ದೇ ತಡ, ಕಣ್ಣೆದುರೇ ಮೇಲಿಂದ ಕೆಳಗೆ ಬೆಳ್ಳಗೆ ಐಸ್ ಗೋಲಾದ ಹಾಗೆ ಆಗಿಬಿಡುತ್ತದೆ. ಬಿಯರ್ ಗಟ್ಟಿಯಾಗುವ ಬಿಂದುವಿಗಿಂತ ಕೆಳಗೆ ಇಳಿದಿದ್ದರೂ ಐಸ್ ಕಟ್ಟಲು ಒಂದು ನೆಪ ಸಿಕ್ಕಿರುವುದಿಲ್ಲ. ಮುಚ್ಚಳ ತೆಗೆದಾಗ ಏಳುವ ಗುಳ್ಳೆ, ಒಂದು ಕುಲುಕು, ಅಷ್ಟು ಸಾಕು. ನೋಡಲು ಚೆನ್ನಾಗಿದೆ. ಆದರೆ ಅದನ್ನು ನೋಡಿ ಮಾಡಲು ಹೋಗುವವರು ತಿಳಿಯಬೇಕಾದದ್ದು ಇಷ್ಟೇ. ಬಾಟಲಿ ಆ ಸ್ಥಿತಿಗೆ ಬಂದಿದೆ ಅಂದರೆ ಬಿರಿಯುವ ದಾರಿಯಲ್ಲಿ ಆಗಲೇ ಬಹಳ ದೂರ ಬಂದಿದೆ.

1999, ಜೂನ್ 8

ಇದೆಲ್ಲ ನನಗೆ ಹೊಸದಾಗಿ ಗೊತ್ತಾದದ್ದಲ್ಲ. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗಲೇ ಗೊತ್ತಿತ್ತು. ಅದೇ ನನ್ನನ್ನು ಜಾಸ್ತಿ ಕೊರೆಯುತ್ತಿರುವುದು.

ಕುಂದಾಪುರ ಕಡೆಯ ಹುಡುಗರು ಮುಂಬೈಗೆ ಹೇಗೆ ಬರುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನೂ ಹಾಗೇ ಬಂದವನು. ಘಾಟ್ಕೋಪರಿನ ಒಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ನನ್ನ ಸೋದರಮಾವ ಮ್ಯಾನೇಜರ್. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ರಾತ್ರಿವರೆಗೆ ಕೌಂಟರಿನಲ್ಲಿ ನಾನು. ಟೇಬಲ್ ನೋಡುವ ಹುಡುಗರೆಲ್ಲ ನಮ್ಮ ಕಡೆಯವರೇ. ಅವರಲ್ಲಿ ನನ್ನದೇ ವಯಸ್ಸಿನವನೊಬ್ಬ ಇದ್ದ. ಅವನನ್ನು ಎಲ್ಲರೂ ಊರಿನ ಹೆಸರಲ್ಲೇ ಕರೆಯುತ್ತಿದ್ದರು. ಬೈಂದೂರು.

ಆ ದಿನ ವಿಶ್ವಕಪ್ಪಿನ ಭಾರತ–ಪಾಕಿಸ್ತಾನ ಮ್ಯಾಚ್, ಮ್ಯಾಂಚೆಸ್ಟರಿನಲ್ಲಿ. ಕಾರ್ಗಿಲ್‌ನಲ್ಲಿ ಯುದ್ಧ ನಡೆಯುತ್ತಿದ್ದ ದಿನಗಳು. ಮಳೆ ಇನ್ನೂ ಹಿಡಿದಿರಲಿಲ್ಲ, ಮೈಯೆಲ್ಲ ಅಂಟಂಟು. ಮಧ್ಯಾಹ್ನವೇ ಟೇಬಲ್ ಎಲ್ಲ ತುಂಬಿತು. ದ್ರಾವಿಡ್ 61, ಅಜರುದ್ದೀನ್ 59, ಒಟ್ಟು 227. ನಮ್ಮ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ತಣ್ಣಗಿನ ಬಾಟಲಿ ಒಂದೂ ಉಳಿದಿರಲಿಲ್ಲ. ಐಸ್ ತರುವವನು ಬಂದಿರಲಿಲ್ಲ. "ಥಂಡಾ ದೇ ರೇ" ಅಂತ ಎಲ್ಲ ಕಡೆಯಿಂದ ಕೂಗು. ನಾನೇ ಒಂದು ಕ್ರೇಟ್ ಎತ್ತಿಕೊಂಡು ಹೋಗಿ, ಅಡುಗೆಮನೆ ಪಕ್ಕದ ಡೀಪ್ ಫ್ರಿಜ್ಜಿನಲ್ಲಿ, ಮೀನಿನ ಚೀಲಗಳ ನಡುವೆ, 12 ಬಾಟಲಿಗಳನ್ನು ಅಡ್ಡ ಮಲಗಿಸಿದೆ. ಯಾರಿಗೂ ಹೇಳಲಿಲ್ಲ. ಅರ್ಧ ಗಂಟೆಯಲ್ಲಿ ತೆಗೆಯುವುದು ಅಂತಲೇ ಇತ್ತು.

ಅಷ್ಟರಲ್ಲಿ ಐಸಿನ ದೊಡ್ಡ ಗಡ್ಡೆ, ಲಾದಿ, ಬಂತು. ಹೊರಗೆ ಡ್ರಮ್ಮಿನಲ್ಲಿ ಬೇರೆ ಬಾಟಲಿ ತಣ್ಣಗಾದವು. ಒಳಗಿನದರ ಅಗತ್ಯವೇ ಬೀಳಲಿಲ್ಲ. ಆಮೇಲೆ ಟಿವಿಯಿಂದ ಕಣ್ಣು ತೆಗೆಯಲಾಗಲಿಲ್ಲ. ಶ್ರೀನಾಥ್ ಮೂರು, ಕುಂಬ್ಳೆ ಎರಡು, ವೆಂಕಟೇಶ್ ಪ್ರಸಾದ್ ಐದು. ಹತ್ತಕ್ಕೆ ಹತ್ತು ವಿಕೆಟ್ಟೂ ಕರ್ನಾಟಕದವರದೇ. ಕೊನೆಯ ವಿಕೆಟ್ ಬಿದ್ದಾಗ ಗಿರಾಕಿಗಳು ಎದ್ದು ಬಂದು ನಮ್ಮ ಹುಡುಗರ ಕೈ ಕುಲುಕಿದರು, ನಾವೇ ಬೌಲಿಂಗ್ ಮಾಡಿದ್ದೇವೋ ಅನ್ನುವ ಹಾಗೆ. 47 ರನ್ನಿನ ಗೆಲುವು. ಬೈಂದೂರು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದ. ಅದೇ ಹೊತ್ತಿಗೆ ಅಡುಗೆಯವರು ಎರಡು ಪಾಪ್ಲೆಟ್ ತಾ ಅಂತ ಕೂಗಿದರು. ಅವನು ಓಡಿದ.

ಡೀಪ್ ಫ್ರಿಜ್ಜಿನ ಮುಚ್ಚಳ ಮೇಲಕ್ಕೆ ತೆರೆಯುವಂಥದ್ದು. ಟ್ಯೂಬ್‌ಲೈಟ್ ಬೆನ್ನ ಹಿಂದೆ, ಹಾಗಾಗಿ ಬಗ್ಗಿದವನ ನೆರಳೇ ಒಳಗೆ ಬೀಳುತ್ತಿತ್ತು. ಕತ್ತಲಲ್ಲಿ ಕೈಯಾಡಿಸಿ ಮೀನಿನ ಚೀಲ ಹುಡುಕುವುದು ಎಲ್ಲರಿಗೂ ರೂಢಿ. ಅಲ್ಲಿ ಬಾಟಲಿ ಇದೆ ಅಂತ ಅವನಿಗೆ ಹೇಗೆ ಗೊತ್ತಿರಬೇಕು? ಮೂರು ಬಾಟಲಿ ಒಡೆದಿತ್ತು. ಎಡಗೈಯ ಉಂಗುರದ ಬೆರಳಿನ ಬುಡದಲ್ಲಿ, ಅಂಗೈ ಕಡೆಯಿಂದ ಕುಯ್ದಿತ್ತು. ಹೊರಗೆ ಇನ್ನೂ ಪಟಾಕಿ ಹೊಡೆಯುತ್ತಿದ್ದರು. ಅವನ ಕೈಗೆ ಟೇಬಲ್ ಒರೆಸುವ ಟವೆಲ್ ಸುತ್ತಿ ಟ್ಯಾಕ್ಸಿಯಲ್ಲಿ ಕೂರಿಸಿದ್ದು ನೆನಪಿದೆ. ಟವೆಲ್ ನೀಲಿ ಬಣ್ಣದ್ದು. ಆಸ್ಪತ್ರೆ ಮುಟ್ಟುವಾಗ ಕಪ್ಪಗಾಗಿತ್ತು. ಬೆರಳು ಮಡಚುವ ಸ್ನಾಯುವಿನ ಹುರಿ (ಟೆಂಡನ್) ಕಡಿದಿದೆ ಅಂದರು. ಹೊಲಿಗೆ ಹಾಕಿದರು, ಗಾಯ ಮಾಯಿತು. ಆ ಬೆರಳು ಮಾತ್ರ ಆಮೇಲೆ ಪೂರ್ತಿ ಮಡಚಲಿಲ್ಲ.

ಮಾವ ನನಗೆ ಬೈಯಲಿಲ್ಲ. ಮರುದಿನ ಕೌಂಟರಿನ ಹಿಂದೆ ಕರೆದು, "ಅವನ ಟೇಬಲ್ ಇನ್ನು ನೀನು ನೋಡು. ಟಿಪ್ಸ್ ಎಲ್ಲ ಅವನಿಗೆ ಕೊಡು" ಅಂದರು. ಎರಡು ತಿಂಗಳು ಹಾಗೇ ಮಾಡಿದೆ. ಇನ್ನೊಂದು ಮಾತೂ ಹೇಳಿದ್ದರು. "ಇಡೂದಾದ್ರೆ ಹೇಳಿ ಇಡ್ಕ್ ಮಾರಾಯ."

ಮಾವನ ಬಾಲ್ದಿ

ಪರ್ಮಿಟ್ ರೂಮಿನಲ್ಲಿ ಅಂದಿನಿಂದ ಡೀಪ್ ಫ್ರಿಜ್ಜಿಗೆ ಬಾಟಲಿ ಹೋಗಲಿಲ್ಲ. ತುರ್ತಿಗೆ ಬಾಲ್ದಿ. ಅರ್ಧ ಬಾಲ್ದಿ ಒಡೆದ ಐಸ್, ಅದು ಮುಳುಗುವಷ್ಟು ನೀರು, ಎರಡು ಮುಷ್ಟಿ ಕಲ್ಲುಪ್ಪು. ಬಾಟಲಿಯ ಕುತ್ತಿಗೆವರೆಗೆ ಮುಳುಗಿಸಿ ನಡುನಡುವೆ ಒಮ್ಮೆ ತಿರುಗಿಸುವುದು. ಕಾಲು ಗಂಟೆಯಲ್ಲಿ ಬಾಟಲಿ ಮುಟ್ಟಿದರೆ ಕೈ ಜುಮ್ಮೆನ್ನಬೇಕು. ಮಡಕೆ ಕುಲ್ಫಿ ಮಾರುವವರು ಮಾಡುವುದೂ ಇದನ್ನೇ. ಉಪ್ಪು ಬಿದ್ದರೆ ಐಸ್ ಕರಗುವುದು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ.

ಹೊಸ ಹುಡುಗರು ಐಸ್ ಮಾತ್ರ ತುಂಬಿ ನೀರು ಹಾಕುತ್ತಿರಲಿಲ್ಲ. ನೀರು ಹಾಕಿದರೆ ಐಸ್ ಹಾಳು ಅಂತ ಅವರ ಯೋಚನೆ. ಆದರೆ ಕೆಲಸ ಮಾಡುವುದೇ ನೀರು. ಐಸ್ ತುಂಡು ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ, ಉಳಿದಲ್ಲೆಲ್ಲ ಗಾಳಿ. ನೀರು ಸುತ್ತಲೂ ಮುಟ್ಟುತ್ತದೆ. ಬಿಸಿಯನ್ನು ಸಾಗಿಸುವುದರಲ್ಲಿ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಮೇಲು. ಫ್ರೀಜರಿನಲ್ಲಿ 18 ಡಿಗ್ರಿ ಕೆಳಗಿನ ಗಾಳಿ ಒಂದು ಗಂಟೆಯಲ್ಲೂ ಮಾಡದ್ದನ್ನು ಬಾಲ್ದಿಯ ನೀರು ಕಾಲು ಗಂಟೆಯಲ್ಲಿ ಮಾಡುವುದು ಹೀಗೆ.

ಬಾಲ್ದಿಯಲ್ಲಿ ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗುವುದು ಬೇರೆ. ಬಾಲ್ದಿ ಎಲ್ಲರ ಕಣ್ಣೆದುರು ಇರುತ್ತದೆ. ಕಾಲಿಗೆ ಎಡವುತ್ತದೆ. ನೀರು ಚೆಲ್ಲುತ್ತದೆ. ಬಾಟಲಿಗಳ ಕುತ್ತಿಗೆ ಮೇಲೆ ಕಾಣುತ್ತದೆ. ನಾನು ಮರೆತರೂ ಇನ್ನೊಬ್ಬರು "ಇದ್ ಯಾರದ್?" ಅಂತ ಕೇಳುತ್ತಾರೆ. ಆತುರ ಇಲ್ಲದಿದ್ದರೆ ಫ್ರಿಜ್ಜಿನ ಕೆಳಗಿನ ಭಾಗವೇ ಸಾಕು. ಅಲ್ಲಿ ನಾಲ್ಕೈದು ಡಿಗ್ರಿ ಇರುತ್ತದೆ, ಲಾಗರ್ ಬಿಯರಿನ ರುಚಿ ನಾಲಿಗೆಗೆ ಸರಿಯಾಗಿ ತಿಳಿಯುವುದೂ ಹೆಚ್ಚು ಕಡಿಮೆ ಆ ತಂಪಿನಲ್ಲೇ. ಅದಕ್ಕಿಂತ ತಣ್ಣಗಾದರೆ ನಾಲಿಗೆ ಮರಗಟ್ಟುತ್ತದೆ.

ಇಷ್ಟೆಲ್ಲ ಗೊತ್ತಿದ್ದವನು ನಾನು. ಅಮ್ಮನ ಕಣ್ಣೆದುರು ಬಾಲ್ದಿ ಇಡಲು ಆಗಲಿಲ್ಲ ನನಗೆ. ಅಷ್ಟೇ ವಿಷಯ.

ಪೇಪರಿನ ಮೇಲೆ ಜೋಡಿಸಿದ ಬಾಟಲಿ

ಡಾಕ್ಟರ ಹತ್ತಿರದಿಂದ ಬಂದ ಮೇಲೆ ಫ್ರಿಜ್ಜಿನ ಪ್ಲಗ್ ತೆಗೆದೆ. ಮಗಳನ್ನು ಅಡುಗೆಕೋಣೆಗೆ ಬರಬೇಡ ಅಂದೆ. ಮನೆಗೆಲಸದ ಮಾವಶಿ ಬಂದು ತಾನು ತೆಗೆಯುತ್ತೇನೆ ಅಂದರು. ಬೇಡ ಅಂದೆ. ಈ ಕೆಲಸ ಮೂರನೆಯವರ ಕೈಗೆ ಹೋಗುವುದು ನನಗೆ ಬೇಕಿರಲಿಲ್ಲ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಂಡು ಕಾದೆ. ಕೆರೆಯಲು ಚಾಕು ಹಿಡಿಯಲಿಲ್ಲ. ಸಿಂಗಲ್ ಡೋರ್ ಫ್ರಿಜ್ ಇರುವವರಂತೂ ಚಾಕು ಹಿಡಿಯಲೇಬಾರದು. ಅದರಲ್ಲಿ ಫ್ರೀಜರಿನ ಗೋಡೆಯೊಳಗೇ ಗ್ಯಾಸ್ ಹೋಗುವ ದಾರಿ ಇರುತ್ತದೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ತುಂಬುವ ಐಸೋಬ್ಯುಟೇನ್ ಬೆಂಕಿ ಹಿಡಿಯುವ ಗ್ಯಾಸ್. ಬಿಸಿನೀರೂ ಸುರಿಯಲಿಲ್ಲ. ಬಿರುಕು ಬಿಟ್ಟ ಗಾಜಿಗೆ ಬಿಸಿ ತಾಗಿದರೆ ಇನ್ನಷ್ಟು ಚೂರಾಗುತ್ತದೆ.

ಕರಗುತ್ತಾ ಬಂದ ಹಾಗೆ ಬಾಟಲಿ ತಾನಾಗಿ ಬಿಚ್ಚಿಕೊಂಡಿತು. ಅಲ್ಲಿಯವರೆಗೆ ಅದನ್ನು ಹಿಡಿದಿಟ್ಟದ್ದು ಒಳಗಿನ ಐಸ್. ಬಿರುಕು ಬಿಟ್ಟ ಬಾಟಲಿ ನೋಡಲು ಇಡಿಯಾಗಿಯೇ ಇರಬಹುದು, ಕೂದಲೆಳೆಯಷ್ಟು ಗೆರೆ ಮಾತ್ರ ಕಾಣಬಹುದು. ಅದನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ ಅನ್ನುವವರನ್ನು ಆ ಪರ್ಮಿಟ್ ರೂಮಿನಲ್ಲೇ ನೋಡಿದ್ದೇನೆ. ದಯವಿಟ್ಟು ಬೇಡ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಬಟ್ಟೆಯನ್ನೂ ದಾಟುತ್ತದೆ. ಬಿರುಕೇ ಇಲ್ಲದೆ ಗಟ್ಟಿಯಾಗಿದೆ ಅಂತಾದರೆ, ಮುಚ್ಚಳ ಮುಟ್ಟದೆ, ದಪ್ಪ ಟವೆಲ್ ಸುತ್ತಿ, ಆಳದ ಪಾತ್ರೆಯಲ್ಲಿ ನಿಲ್ಲಿಸಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಒಂದು ದಿನ ಬಿಡಿ. ಮನೆಯವರಿಗೆಲ್ಲ ಹೇಳಿ ಬಿಡಿ. ಆಮೇಲೆ ಕುಡಿಯಬಹುದು. ನೊರೆ ಸರಿ ಬರುವುದಿಲ್ಲ, ತಳದಲ್ಲಿ ಬಿಳಿ ಬಿಳಿ ಎಳೆ ಕಾಣಬಹುದು. ನನ್ನನ್ನು ಕೇಳಿದರೆ ಸಿಂಕಿಗೆ ಚೆಲ್ಲಿ ಅನ್ನುತ್ತೇನೆ.

ನೆಲದ ಮೇಲೆ ಪೇಪರ್ ಹಾಸಿ, ಸಿಕ್ಕಿದ ಒಂದೊಂದು ತುಂಡನ್ನೂ ಜೋಡಿಸುತ್ತಾ ಹೋದೆ. ಇದು ಬೈಂದೂರು ಕೈ ಕುಯ್ದುಕೊಂಡ ರಾತ್ರಿ ಮಾವ ಮಾಡಿದ ಕೆಲಸ. ಎಲ್ಲರೂ ಹೋದ ಮೇಲೆ ಮೂರೂ ಬಾಟಲಿಗಳನ್ನು ಟೇಬಲಿನ ಮೇಲೆ ತುಂಡು ತುಂಡಾಗಿ ಜೋಡಿಸಿ ಕೂತಿದ್ದರು. ಜೋಡಿಸದಿದ್ದರೆ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ. ಕಂದು ಗಾಜು ನೆಲಕ್ಕೆ ಬಿದ್ದ ಬೆಳಕಿನಲ್ಲಿ ಬೆಲ್ಲದ ಪಾಕದ ಬಣ್ಣಕ್ಕೆ ಹೊಳೆಯುತ್ತಿತ್ತು. ಕುತ್ತಿಗೆ ಒಂದು ತುಂಡು, ಭುಜ ಎರಡು, ಹೊಟ್ಟೆ ಏಳು, ತಳ ಎರಡು. ಹೊಟ್ಟೆಯ ನಡುವೆ, ಲೇಬಲ್ಲಿನ ಮೂಲೆಯಲ್ಲಿ, ಕಿರುಬೆರಳಿನ ಉಗುರಿನಷ್ಟು ಜಾಗ ಖಾಲಿ ಉಳಿಯಿತು. ಆ ತುಂಡು ಸಿಗಲಿಲ್ಲ. ಹಿಡಿಸೂಡಿಯಲ್ಲಿ ಗುಡಿಸಿದೆ, ಒದ್ದೆ ಪೇಪರಿನಲ್ಲಿ ಒರೆಸಿದೆ, ಟಾರ್ಚ್ ಹಾಕಿ ನೋಡಿದೆ. ಇಲ್ಲ.

ಒಂದು ತುಂಡು ಸಿಗಲಿಲ್ಲ ಅಂದ ಮೇಲೆ ಒಳಗಿದ್ದ ತಿನ್ನುವ ವಸ್ತು ಯಾವುದನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಊರಿಂದ ಅಮ್ಮ ತಂದ ಎಂಟು ಕಾಯಿಯ ತುರಿ, ಉಪ್ಪು ಹಾಕಿ ಇಟ್ಟಿದ್ದ ಬಂಗುಡೆ, ಮಗಳ ಐಸ್‌ಕ್ರೀಮ್, ಬಟಾಣಿ. ಎಲ್ಲ ದಪ್ಪ ಚೀಲಕ್ಕೆ ಹೋಯಿತು. ಚೀಲದ ಮೇಲೆ 'ಕಾಚ್', ಅಂದರೆ ಗಾಜು, ಅಂತ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದೆ. ಕಸ ಎತ್ತುವವರೂ ಕೈ ಹಾಕಿಯೇ ಎತ್ತುವುದಲ್ವಾ? ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗ ಹೇಳಿದೆ. "ಅಮ್ಮ, ಅದು ನನ್ನದು. ರಾತ್ರಿ ಇಟ್ಟು ಮರೆತೆ." ಅವಳು ಬ್ಯಾಂಡೇಜ್ ಕಟ್ಟಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಗೊತ್ತಿತ್ತ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೆಳಗೇ ಇಡ್ಲಕ್ಕಿತ್ತಲೆ" ಅಂದಳು.

ಬೈಂದೂರಿಗೆ ಫೋನ್

ಬೈಂದೂರು ಈಗ ಬದಲಾಪುರದಲ್ಲಿ ಸ್ವಂತ ಊಟದ ಹೋಟೆಲ್ ಇಟ್ಟಿದ್ದಾನೆ. ವರ್ಷಕ್ಕೆ ಎರಡು ಮೂರು ಸಲ ಮಾತಾಡುತ್ತೇವೆ. ಆ 1999ರ ರಾತ್ರಿಯ ಬಗ್ಗೆ ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಮಾತಾಡಿರಲಿಲ್ಲ. ಅವನು ತಟ್ಟೆ ಹಿಡಿಯುವಾಗ ಆ ಬೆರಳು ನೆಟ್ಟಗೆ ನಿಂತಿರುವುದನ್ನು ನಾನು ನೋಡುತ್ತೇನೆ, ನಾನು ನೋಡಿದ್ದು ಅವನಿಗೂ ಗೊತ್ತಾಗುತ್ತದೆ. ಅಷ್ಟೇ.

ಘಟನೆ ನಡೆದ ಮೂರನೇ ದಿನ ಅವನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ನಾನೇ ಇಟ್ಟದ್ದು ಅಂತಲೂ, ಯಾರಿಗೂ ಹೇಳದೆ ಇಟ್ಟದ್ದು ಅಂತಲೂ. ಎರಡನೇ ಸಲ ಅಂತಲೂ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಅವನ ಹೋಟೆಲಿನ ಪಾತ್ರೆ ಸದ್ದು ಕೇಳುತ್ತಿತ್ತು. ಆಮೇಲೆ ಅಮ್ಮನ ಕೈ ಹೇಗಿದೆ ಅಂತ ಕೇಳಿದ. ಬೆರಳು ಮಡಚಲು ಬರುತ್ತದಾ ಅಂತ ಎರಡು ಸಲ ಕೇಳಿದ. ಬರುತ್ತದೆ ಅಂದೆ.

"ಗಾಜ್ ಎಲ್ಲ ಸಿಕ್ತಾ?"

"ಒಂದು ತುಂಡು ಸಿಗಲಿಲ್ಲ ಮಾರಾಯ. ಎಲ್ಲ ಕಡೆ ನೋಡಿದೆ."

"ಬಾಗ್ಲಿನ ರಬ್ಬರ್ ಕಂಡ್ಯಾ? ಕೆಳಗಿನ ಬದಿ. ಮಡ್ಚಿದ್ ಒಳಗೆ."

ಫೋನ್ ಕಿವಿಗೆ ಹಿಡಿದುಕೊಂಡೇ ಎದ್ದು ಹೋಗಿ ಫ್ರೀಜರಿನ ಬಾಗಿಲು ತೆಗೆದೆ. ಬಾಗಿಲಿನ ಸುತ್ತಲಿನ ಬಿಳಿ ರಬ್ಬರನ್ನು ಕೆಳಗಿನ ಅಂಚಿನಲ್ಲಿ ಮೆಲ್ಲಗೆ ಬಿಡಿಸಿ ಟಾರ್ಚ್ ಹಿಡಿದೆ. ಮಡಿಕೆಯೊಳಗೆ, ಮೂಲೆಯಿಂದ ಎರಡು ಬೆರಳು ಈಚೆ, ಕಂದು ಬಣ್ಣದ ಒಂದು ಚೂರು ಇತ್ತು. ಲೇಬಲ್ಲಿನ ಒಂದು ಎಳೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.